ಹಗ್ಗ ಯಾವ ಗೂಟಕ್ಕೆ ಕಟ್ಟಿದೆ?

(ಹೊರದೇಶದಲ್ಲಿ ನೆಲೆಸಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಕೇಳಿಬಂದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಪದದಿಂದ ಶುರು ಮಾಡುತ್ತೇನೆ. ಪರದೇಶಿ. ಬಿಡಿಸಿ ನೋಡಿದರೆ ಬೇರೆ ದೇಶದವರು ಅಂತಷ್ಟೇ ಅರ್ಥ ಬರಬೇಕು. ಆದರೆ ಕನ್ನಡದಲ್ಲಿ ನಾವು ಹಾಗೆ ಬಳಸುವುದಿಲ್ಲ. ಹೇಳುವವರು ಕೇಳುವವರು ಇಲ್ಲದವರು ಪರದೇಶಿಗಳು. ‘ಪಾಪ, ಪರದೇಶಿ ಮಗು’ ಅನ್ನುತ್ತೇವೆ. ಇದಕ್ಕೆ ಹೋಲಿಸಿದರೆ ‘ಎಕ್ಸ್‌ಪ್ಯಾಟ್’ ಅನ್ನುವುದು ಇಸ್ತ್ರಿ ಮಾಡಿದ ಅಂಗಿ ತೊಟ್ಟ ಪದ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥವೂ ಇಷ್ಟೇ, ತಾಯ್ನಾಡಿನಿಂದ ಆಚೆ ಇರುವವರು. ಎರಡು ದೇಶಗಳಲ್ಲಿ ಹನ್ನೆರಡು ವರ್ಷ ಕಳೆದ ಮೇಲೆ ಹೇಳುತ್ತೇನೆ, ಮೊದಲ ವರ್ಷದ ಮಟ್ಟಿಗಂತೂ ಕನ್ನಡದ ಪದವೇ ನಿಜ.

ನಾನು ಮೊದಲು ಹೋದದ್ದು ಅಮೆರಿಕಕ್ಕೆ, ಗಂಡನ ವೀಸಾದ ಬಾಲವಾಗಿ. ಬಾಲ ಅಂದರೆ ನಗಬೇಡಿ, ಕಾನೂನಿನ ಭಾಷೆಯಲ್ಲಿ ಅವಲಂಬಿತೆ. ಅವರದು ಎಚ್-1ಬಿ ಅನ್ನುವ ಕೆಲಸದ ವೀಸಾ, ನನ್ನದು ಅಂಥವರ ಸಂಗಾತಿಗೆ ಕೊಡುವ ಎಚ್-4. ಕೈಯಲ್ಲಿ ಡಿಗ್ರಿ ಇತ್ತು, ಆರು ವರ್ಷದ ಕೆಲಸದ ಅನುಭವ ಇತ್ತು. ಅಲ್ಲಿ ಹೋದ ಮೇಲೆ ಒಂದು ಗಂಟೆಯ ಕೂಲಿಗೂ ಹೋಗುವಂತಿರಲಿಲ್ಲ. ಬೇಜಾರಾಗಿತ್ತು. ಆದರೆ ದಿಗಿಲಾದದ್ದು ಬೇರೆ ವಿಷಯಕ್ಕೆ. ಒಂದು ಸಂಜೆ ಗಂಡ ಮನೆಗೆ ಬಂದು, ‘ಆಫೀಸಿನಲ್ಲಿ ಜನರನ್ನು ಕಡಿಮೆ ಮಾಡ್ತಾರಂತೆ’ ಅಂದರು. ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಅವರ ಕೆಲಸ ಹೋದರೆ ಅವರ ವೀಸಾ ಹೋಗುತ್ತದೆ, ಅದರ ಹಿಂದೆ ನನ್ನದು, ಆಮೇಲೆ ಮನೆ ಬಾಡಿಗೆ, ಕಾರಿನ ಸಾಲ, ಎಲ್ಲ. ನಮ್ಮ ಇಡೀ ಸಂಸಾರ ಒಂದೇ ಗೂಟಕ್ಕೆ ಕಟ್ಟಿದ ಹಗ್ಗದಲ್ಲಿ ಇತ್ತು. ಆ ಗೂಟ ನಮ್ಮದಾಗಿರಲಿಲ್ಲ.

ಇವತ್ತು ನಾನು ಹೇಳಬೇಕು ಅಂದುಕೊಂಡು ಬಂದದ್ದು ಇದನ್ನೇ. ಯಾವ ದೇಶ ಒಳ್ಳೆಯದು, ಎಲ್ಲಿ ಸಂಬಳ ಜಾಸ್ತಿ ಅನ್ನುವ ಪ್ರಶ್ನೆಗಳು ಆಮೇಲೆ. ನಿಮ್ಮ ಹಗ್ಗವನ್ನು ಯಾವ ಗೂಟಕ್ಕೆ ಕಟ್ಟುತ್ತಿದ್ದಾರೆ ಅಂತ ಮೊದಲು ನೋಡಿ.

ಅದಕ್ಕೆ ಮುಂಚೆ ಒಂದು ಗೊಂದಲ ಬಿಡಿಸಬೇಕು. ವೀಸಾ ಬೇರೆ, ವಾಸದ ಪರವಾನಗಿ ಬೇರೆ. ಅಮೆರಿಕದ ವೀಸಾ ಅಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿ. ಅದು ಬಾಗಿಲು ತಟ್ಟಲು ಕೊಟ್ಟ ಒಪ್ಪಿಗೆ. ಒಳಗೆ ಎಷ್ಟು ದಿನ ಇರಬಹುದು ಅಂತ ಹೇಳುವುದು ಐ-94 ಎಂಬ ಬೇರೆಯೇ ದಾಖಲೆ. ಎಷ್ಟೋ ಜನ ಚೀಟಿಯ ಮೇಲಿನ ತಾರೀಕು ನೋಡಿಕೊಂಡು ನಿಶ್ಚಿಂತೆಯಾಗಿರುತ್ತಾರೆ. ಐ-94ರಲ್ಲಿ ಅದಕ್ಕಿಂತ ಮುಂಚಿನ ತಾರೀಕು ಇರಬಹುದು. ಪಾಸ್‌ಪೋರ್ಟಿನ ಅವಧಿ ಬೇಗ ಮುಗಿಯುವಂತಿದ್ದರೆ ಹೀಗಾಗುವುದು ಸಾಮಾನ್ಯ. ಯುರೋಪಿನಲ್ಲಿ 90 ದಿನಕ್ಕಿಂತ ಜಾಸ್ತಿ ಇರಬೇಕಾದರೆ ‘ಡಿ’ ವೀಸಾ ಬೇಕು. ಸಾಮಾನ್ಯವಾಗಿ ಅದೂ ಒಳಗೆ ಕಾಲಿಡುವವರೆಗಿನ ಏರ್ಪಾಡು. ಹೋದ ಮೇಲೆ ಅಲ್ಲಿನ ಕಚೇರಿಯಲ್ಲಿ ವಾಸದ ಕಾರ್ಡು ಮಾಡಿಸಬೇಕು. ಬ್ರಿಟನ್ನಿನಲ್ಲಿ ಕಾರ್ಡೂ ಇಲ್ಲ ಈಗ. 2024ರ ಕೊನೆಗೆ ಹಳೆಯ ಪ್ಲಾಸ್ಟಿಕ್ ಕಾರ್ಡುಗಳ ಅವಧಿ ಮುಗಿಸಿ ಎಲ್ಲವನ್ನೂ ಇ-ವೀಸಾ ಮಾಡಿದರು. ನಿಮ್ಮ ವಾಸದ ಹಕ್ಕು ಒಂದು ಆನ್‌ಲೈನ್ ಖಾತೆಯಲ್ಲಿರುತ್ತದೆ. ಪಾಸ್‌ವರ್ಡ್ ಮರೆಯದಿದ್ದರೆ ಸಾಕು!

90 ದಿನದ ಮಾತು ಬಂತಲ್ಲ, ನನ್ನ ಪೆದ್ದುತನ ಒಂದನ್ನು ಹೇಳಿಬಿಡುತ್ತೇನೆ. ಶೆಂಗನ್ ವಲಯ ಅಂದರೆ ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳ ಗುಂಪು, ಅದರಲ್ಲಿ ಈಗ 29 ದೇಶಗಳಿವೆ. ಕಡಿಮೆ ಅವಧಿಗೆ ಹೋದವರು ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ಮೂರು ತಿಂಗಳಾಗುತ್ತಲೇ ಒಂದು ದಿನ ಗಡಿ ದಾಟಿ ವಾಪಸ್ ಬಂದರೆ ಲೆಕ್ಕ ಹೊಸದಾಗಿ ಶುರು ಅಂತ ನಾನು ನಂಬಿದ್ದೆ. ಹಾಗಲ್ಲ. ಪ್ರತಿದಿನವೂ ಹಿಂದಿನ 180 ದಿನಗಳನ್ನು ತಿರುಗಿ ನೋಡಿ ಎಣಿಸುತ್ತಾರೆ. ಒಳಗೆ ಬಂದ ದಿನ, ಹೊರಗೆ ಹೋದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಗಡಿಯಲ್ಲಿ ಕೂತಿದ್ದ ಹೆಣ್ಣುಮಗಳು ನನ್ನ ಮುದ್ರೆಗಳನ್ನು ಬೆರಳಲ್ಲಿ ಎಣಿಸಿ, ‘ಇನ್ನು ನಾಲ್ಕು ದಿನ ಇದೆ’ ಅಂದಳು. ನಾನು ನಲವತ್ತು ಅಂದುಕೊಂಡಿದ್ದೆ. ಈಗ ಬೆರಳೂ ಬೇಕಿಲ್ಲ. 2025ರ ಅಕ್ಟೋಬರ್ 12ರಿಂದ ಮುದ್ರೆಯ ಬದಲು ಬೆರಳಚ್ಚು, ಮುಖದ ಚಿತ್ರ ತೆಗೆದು ಕಂಪ್ಯೂಟರಿಗೆ ಸೇರಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿದ್ದಾರೆ. ಕಂಪ್ಯೂಟರ್ ಎಣಿಕೆ ತಪ್ಪುವುದಿಲ್ಲ.

ಸರಿ, ಗೂಟಗಳಿಗೆ ಬರೋಣ.

ಜಾಸ್ತಿ ಜನರನ್ನು ಕಟ್ಟುವ ಗೂಟ ಕೆಲಸ. ಕಂಪನಿ ನಿಮ್ಮನ್ನು ಕರೆಸಿಕೊಳ್ಳುತ್ತದೆ, ಸರ್ಕಾರ ಆ ಕಂಪನಿಯ ಹೆಸರಿನಲ್ಲಿ ನಿಮಗೆ ಒಪ್ಪಿಗೆ ಕೊಡುತ್ತದೆ. ಇಲ್ಲಿ ಆಫರ್ ಲೆಟರಿನ ಸಂಬಳದ ಸಾಲನ್ನು ಎಲ್ಲರೂ ಓದುತ್ತಾರೆ. ಕೆಲಸ ಹೋದರೆ ಎಷ್ಟು ದಿನ ಉಳಿಯಬಹುದು ಅಂತ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಎಚ್-1ಬಿ ಇದ್ದವರಿಗೆ ಹೆಚ್ಚೆಂದರೆ 60 ದಿನ. ಅದೂ 2017ರಲ್ಲಿ ಬಂದ ನಿಯಮ. ಬ್ರಿಟನ್ನಿನಲ್ಲಿ ಸರ್ಕಾರ ನಿಮ್ಮ ವೀಸಾ ಮೊಟಕು ಮಾಡಿ ಪತ್ರ ಕಳಿಸುತ್ತದೆ, ಸಾಮಾನ್ಯವಾಗಿ ಅಲ್ಲಿಂದ 60 ದಿನ. ಆಸ್ಟ್ರೇಲಿಯ 2024ರ ಜುಲೈಯಿಂದ ಒಂದು ಸಲಕ್ಕೆ 180 ದಿನ ಕೊಡುತ್ತಿದೆ. ಆ ಅವಧಿಯಲ್ಲಿ ಬೇರೆ ಕಡೆ ದುಡಿಯಲೂಬಹುದು. ಜಪಾನಿನಲ್ಲಿ ಕೆಲಸ ಬಿಟ್ಟ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಸರಿಯಾದ ಕಾರಣ ಇಲ್ಲದೆ ಮೂರು ತಿಂಗಳು ಸುಮ್ನೆ ಕೂತರೆ ವಾಸದ ಹಕ್ಕನ್ನು ಕಿತ್ತುಕೊಳ್ಳಬಹುದು. ಸಂಬಳದಲ್ಲಿ ಸ್ವಲ್ಪ ಕಡಿಮೆ ಇದ್ದರೂ 180 ದಿನ ಕೊಡುವ ಜಾಗವೇ ವಾಸಿ ಅಂತ ನನ್ನ ಲೆಕ್ಕ. 60 ದಿನದಲ್ಲಿ ಹೊಸ ಕೆಲಸ ಹುಡುಕಿ, ಆ ಕಂಪನಿಯಿಂದ ಅರ್ಜಿ ಹಾಕಿಸುವುದು ಎಷ್ಟು ಕಷ್ಟ ಅಂತ ಪಟ್ಟವರಿಗೇ ಗೊತ್ತು.

ನಮಗೆ ಆ ಸಲ ಏನೂ ಆಗಲಿಲ್ಲ, ಗಂಡನ ಕೆಲಸ ಉಳಿಯಿತು. ಆದರೆ ಆ ರಾತ್ರಿಯ ಲೆಕ್ಕದ ಹಾಳೆಯನ್ನು ನಾನು ಎಸೆಯಲಿಲ್ಲ.

ಎರಡನೆಯ ಗೂಟ ಮದುವೆ. ಇದರ ಬಗ್ಗೆ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಯಾರೂ ಆಡುವುದಿಲ್ಲ. ಒಂದೇ ವಿಮಾನದಲ್ಲಿ ಹೋದ ಗಂಡ ಹೆಂಡತಿಗೆ ಇಳಿದ ಮೇಲೆ ಸಿಗುವ ಹಕ್ಕುಗಳು ಒಂದೇ ಅಲ್ಲ. ಅಮೆರಿಕದಲ್ಲಿ ಎಚ್-4ನವರಿಗೆ ಕೆಲಸದ ಅನುಮತಿ ಸಿಗತೊಡಗಿದ್ದು 2015ರಲ್ಲಿ. ಅದೂ ಎಲ್ಲರಿಗೂ ಅಲ್ಲ, ಸಂಗಾತಿಯ ಗ್ರೀನ್ ಕಾರ್ಡ್, ಅಂದರೆ ಖಾಯಂ ವಾಸದ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ನಾವು ಆಮೇಲೆ ಜರ್ಮನಿಗೆ ಹೋದೆವು. ಅಲ್ಲಿ ಕುಟುಂಬದ ಆಧಾರದ ಮೇಲೆ ಬಂದವರೂ ಕೆಲಸ ಮಾಡಬಹುದು. ನನ್ನ ಕಾರ್ಡಿನಲ್ಲಿ ‘ಉದ್ಯೋಗಕ್ಕೆ ಅನುಮತಿ ಇದೆ’ ಅಂತ ಅಚ್ಚಾಗಿದ್ದನ್ನು ನೋಡಿ ನಾನು ಆ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಜೊತೆಗಿದ್ದ ಮಗಳಿಗೆ ಅರ್ಥವಾಗಲಿಲ್ಲ. ‘ಅಮ್ಮಾ, ಕಾರ್ಡಿನಲ್ಲಿ ಫೋಟೋ ಚೆನ್ನಾಗಿ ಬಂದಿಲ್ವಾ?’ ಅಂತ ಕೇಳಿದಳು.

ಒಬ್ಬರು ಇಲ್ಲಿ ಕೈ ಎತ್ತಿ ಕೇಳಿದರು, ‘ಮದುವೆ ಮುರಿದರೆ?’ ಒಳ್ಳೆಯ ಪ್ರಶ್ನೆ. ಮುರಿದರೆ ಸಾಮಾನ್ಯವಾಗಿ ವಾಸದ ಹಕ್ಕಿನ ಆಧಾರವೇ ಹೋಗುತ್ತದೆ. ಅದಕ್ಕೇ ಎಷ್ಟೋ ಹೆಣ್ಣುಮಕ್ಕಳು ಹೊಡೆತ ತಿಂದುಕೊಂಡೂ ಬಾಯಿ ಮುಚ್ಚಿಕೊಂಡಿರುತ್ತಾರೆ. ‘ನಾನು ಹೇಳಿದರೆ ನಿನ್ನನ್ನು ವಾಪಸ್ ಕಳಿಸುತ್ತಾರೆ’ ಅನ್ನುವ ಬೆದರಿಕೆ ಸಾಕು. ಇದು ಪೂರ್ತಿ ನಿಜವಲ್ಲ, ಗೊತ್ತಿರಲಿ. ಅಮೆರಿಕದಲ್ಲಿ 1994ರ ಒಂದು ಕಾನೂನು, ಅಲ್ಲಿನ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇದ್ದವರಿಂದ ಹಿಂಸೆ ಅನುಭವಿಸಿದ ಸಂಗಾತಿ ತಾನೇ ಅರ್ಜಿ ಹಾಕಲು ದಾರಿ ಮಾಡಿಕೊಟ್ಟಿದೆ. ಹೆಸರಿನಲ್ಲಿ ಹೆಂಗಸರು ಅಂತಿದ್ದರೂ ಗಂಡಸರಿಗೂ ಅದು ಅನ್ವಯಿಸುತ್ತದೆ. ಬ್ರಿಟನ್ನಿನಲ್ಲಿಯೂ ಕುಟುಂಬದ ವೀಸಾದಲ್ಲಿ ಬಂದು ಹಿಂಸೆಗೆ ಸಿಕ್ಕವರು ಖಾಯಂ ವಾಸಕ್ಕೆ ಪ್ರತ್ಯೇಕವಾಗಿ ಅರ್ಜಿ ಹಾಕಬಹುದು. ಪಾಸ್‌ಪೋರ್ಟು, ಕಾರ್ಡುಗಳ ಪ್ರತಿ ಮಾಡಿಸಿ ನಿಮಗೆ ಮಾತ್ರ ಗೊತ್ತಿರುವ ಜಾಗದಲ್ಲಿ ಇಡಿ. ಸಂಸಾರ ಎಷ್ಟೇ ಚೆನ್ನಾಗಿರಲಿ, ಇಡಿ.

ದುಡ್ಡೂ ಒಂದು ಗೂಟ. ನಿವೃತ್ತರಿಗೆ, ಆದಾಯ ಇದ್ದವರಿಗೆ ಪೋರ್ಚುಗಲ್‌ನ ಡಿ7 ತರಹದ ವೀಸಾಗಳಿವೆ. ಥಾಯ್ಲೆಂಡಿನ ನಿವೃತ್ತಿ ವೀಸಾಕ್ಕೆ 50 ವರ್ಷ ಆಗಿರಬೇಕು, 90 ದಿನಕ್ಕೊಮ್ಮೆ ವಿಳಾಸ ತಿಳಿಸಬೇಕು. ಆಸ್ತಿ ಕೊಂಡರೆ ವಾಸದ ಹಕ್ಕು ಕೊಡುವ ‘ಗೋಲ್ಡನ್ ವೀಸಾ’ಗಳನ್ನು ನೆಚ್ಚಿಕೊಳ್ಳಬೇಡಿ ಅನ್ನುತ್ತೇನೆ. ಮನೆಗಳ ಬೆಲೆ ಏರಿ ಊರಿನವರಿಗೇ ಮನೆ ಸಿಗದಾದಾಗ ಸರ್ಕಾರಗಳ ಮೇಲೆ ಒತ್ತಡ ಬಂತು. ಪೋರ್ಚುಗಲ್ 2023ರಲ್ಲಿ ಆಸ್ತಿಯ ದಾರಿಯನ್ನು ಮುಚ್ಚಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ ಗೋಲ್ಡನ್ ವೀಸಾವನ್ನೇ ನಿಲ್ಲಿಸಿತು. ಲ್ಯಾಪ್‌ಟಾಪ್ ಹಿಡಿದು ಎಲ್ಲಿಂದಾದರೂ ದುಡಿಯುವವರಿಗೆ ಎಸ್ಟೋನಿಯಾ 2020ರಲ್ಲಿ ಡಿಜಿಟಲ್ ನೊಮ್ಯಾಡ್ ವೀಸಾ ತಂದಿತು. ಅದು ಹೆಚ್ಚೆಂದರೆ ಒಂದು ವರ್ಷದ್ದು. ಅದೇ ದೇಶದ್ದು ‘ಇ-ರೆಸಿಡೆನ್ಸಿ’ ಅಂತ ಇನ್ನೊಂದಿದೆ, 2014ರಿಂದ. ಹೆಸರು ಕೇಳಿ ಮೋಸ ಹೋಗಬೇಡಿ. ಅದರಿಂದ ಅಲ್ಲಿ ಕಂಪನಿ ನಡೆಸಬಹುದು, ಒಂದು ರಾತ್ರಿ ತಂಗುವ ಹಕ್ಕೂ ಬರುವುದಿಲ್ಲ. ಓದಿನ ವೀಸಾ ನಿಮಗೆಲ್ಲ ಗೊತ್ತಿರುವುದೇ, ಬಿಡುತ್ತೇನೆ.

ಗೂಟವೇ ಇಲ್ಲದ ದಾರಿಯೂ ಉಂಟು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ, ಆಸ್ಟ್ರೇಲಿಯದ 189 ವೀಸಾ. ವಯಸ್ಸು, ಓದು, ಭಾಷೆ, ಅನುಭವಕ್ಕೆ ಅಂಕ ಕೊಟ್ಟು, ಆರಿಸಿ, ಮೊದಲ ದಿನವೇ ಖಾಯಂ ವಾಸಿ ಮಾಡುತ್ತಾರೆ. ಯಾವ ಕಂಪನಿಯ ಹಂಗೂ ಇಲ್ಲ. ಆದರೆ ಕೆಲಸವನ್ನು ಹೋಗಿ ನೀವೇ ಹುಡುಕಿಕೊಳ್ಳಬೇಕು. ವಯಸ್ಸಿನ ಅಂಕ ಕೆನಡಾದಲ್ಲಿ ಮೂವತ್ತರಿಂದ, ಆಸ್ಟ್ರೇಲಿಯದಲ್ಲಿ ಮೂವತ್ತಮೂರರಿಂದ ಇಳಿಯುತ್ತಾ ಹೋಗುತ್ತದೆ. ‘ಇನ್ನೆರಡು ವರ್ಷ ಬಿಟ್ಟು ನೋಡೋಣ’ ಅನ್ನುವವರು ಇದನ್ನು ಗಮನಿಸಬೇಕು.

ಹಗ್ಗ ಬದಲಿಸುವ ಯೋಚನೆಯೂ ಮೊದಲೇ ಇರಲಿ. ಖಾಯಂ ವಾಸಕ್ಕೆ ಎಷ್ಟು ವರ್ಷ? ಬ್ರಿಟನ್ನಿನಲ್ಲಿ ಕೆಲಸದ ವೀಸಾದವರಿಗೆ 5 ವರ್ಷದ ಲೆಕ್ಕ ಬಹುಕಾಲ ನಡೆದು ಬಂದಿದೆ. ಜಪಾನಿನಲ್ಲಿ ಸಾಮಾನ್ಯವಾಗಿ 10. ಅಲ್ಲಿಯೇ, ಹೆಚ್ಚಿನ ಕೌಶಲ ಇದ್ದು 80 ಅಂಕ ಬಂದರೆ ಒಂದೇ ವರ್ಷ! ಅಮೆರಿಕದ ಕಥೆ ಬೇರೆ. ಕೆಲಸದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡ 7ರ ಮಿತಿ ಇದೆ. ದೊಡ್ಡ ದೇಶಕ್ಕೂ ಅಷ್ಟೇ, ಅಂಗೈ ಅಗಲದ ದೇಶಕ್ಕೂ ಅಷ್ಟೇ. ಅದಕ್ಕೇ ಜನ ಜಾಸ್ತಿ ಇರುವ ದೇಶದವರ ಸಾಲು ಕರಗುವುದೇ ಇಲ್ಲ. ಪೌರತ್ವ ಬದಲಿಸಿಕೊಂಡರೂ ಪ್ರಯೋಜನವಿಲ್ಲ, ಅವರು ನೋಡುವುದು ಹುಟ್ಟಿದ ದೇಶ. ನಾವು ಆ ಸಾಲು ಬಿಟ್ಟು ಹೊರಬಂದದ್ದು ಇದೇ ಕಾರಣಕ್ಕೆ. ಮಗಳು ಹುಡುಗಿಯಾಗಿದ್ದಾಗ ಸಾಲಿನಲ್ಲಿ ನಿಂತರೆ, ಅವಳು 21 ದಾಟಿ ನಮ್ಮ ವೀಸಾದಿಂದ ಹೊರಬೀಳುವಾಗಲೂ ನಾವು ಅಲ್ಲೇ ನಿಂತಿರುತ್ತಿದ್ದೆವು.

ಈಗ ಕಾಗದಪತ್ರ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ.

ಒಂದು ದೇಶದ ಜನನ ಪತ್ರವನ್ನು ಇನ್ನೊಂದು ದೇಶ ಸುಮ್ನೆ ನಂಬುವುದಿಲ್ಲ. ಅದಕ್ಕೇ 1961ರ ಹೇಗ್ ಒಪ್ಪಂದದಲ್ಲಿ ‘ಅಪೊಸ್ಟಿಲ್’ ಅನ್ನುವ ಮುದ್ರೆ ಬಂತು. ಪತ್ರ ಕೊಟ್ಟ ದೇಶವೇ ಆ ಮುದ್ರೆ ಹಾಕಿಕೊಡುತ್ತದೆ. ಅದು ಹೇಳುವುದು ಇಷ್ಟೇ, ಈ ಸಹಿ ಮತ್ತು ಸೀಲು ಅಸಲಿ. ಒಳಗೆ ಬರೆದದ್ದು ನಿಜವೋ ಸುಳ್ಳೋ ಅದಕ್ಕೆ ಸಂಬಂಧವಿಲ್ಲ. ಚೀನಾ ಈ ಒಪ್ಪಂದದ ಒಳಗೆ ಬಂದದ್ದು 2023ರ ನವೆಂಬರ್‌ನಲ್ಲಿ, ಕೆನಡಾ 2024ರ ಜನವರಿಯಲ್ಲಿ. ಒಪ್ಪಂದಕ್ಕೆ ಸೇರದ ದೇಶವಾದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ, ಅಲ್ಲಿಂದ ರಾಯಭಾರ ಕಚೇರಿಗೆ ಅಲೆಯಬೇಕು. ಅನುವಾದದ ವಿಷಯದಲ್ಲಿ ಒಂದು ಸಣ್ಣ ಸಲಹೆ. ಮೊದಲು ಅನುವಾದ ಮಾಡಿಸಿ ಆಮೇಲೆ ಅಪೊಸ್ಟಿಲ್ ಹಾಕಿಸಿದರೆ, ‘ಅಪೊಸ್ಟಿಲ್ಲಿನ ಅನುವಾದ ಎಲ್ಲಿ?’ ಅಂತ ಕೇಳಬಹುದು. ನನ್ನನ್ನು ಕೇಳಿದರು. ಎರಡನೇ ಸಲ ದುಡ್ಡು ಕೊಟ್ಟೆ.

ಹೆಸರು ಇನ್ನೊಂದು ತಲೆನೋವು. ಜಗತ್ತಿನ ಫಾರ್ಮುಗಳಲ್ಲಿ ಎರಡು ಮನೆಗಳಿವೆ, ಕೊಟ್ಟ ಹೆಸರು ಮತ್ತು ಮನೆತನದ ಹೆಸರು. ಒಂದೇ ಹೆಸರು ಇದ್ದವರ ಪಾಸ್‌ಪೋರ್ಟಿನಲ್ಲಿ ಒಂದು ಮನೆ ಖಾಲಿ. ಅಮೆರಿಕದ ವೀಸಾದಲ್ಲಿ ಇದ್ದ ಒಂದು ಹೆಸರನ್ನು ಮನೆತನದ ಹೆಸರಾಗಿ ಬರೆದು, ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಆಮೇಲೆ ಬ್ಯಾಂಕಿನವರು, ಡಾಕ್ಟರು ಎಲ್ಲರೂ ನಿಮ್ಮನ್ನು ‘ಫ್ನು’ ಅಂತಲೇ ಕರೆಯುತ್ತಾರೆ. ನನಗೆ ಗೊತ್ತಿದ್ದ ಒಬ್ಬರು ನಾಲ್ಕು ವರ್ಷ ಫ್ನು ಆಗಿ ಬದುಕಿದರು.

ಏಜೆಂಟರ ಬಗ್ಗೆ ಕೇಳಿದಿರಿ. ಒಳ್ಳೆಯವರೂ ಇದ್ದಾರೆ. ‘ಗ್ಯಾರಂಟಿ ವೀಸಾ’ ಅಂದವರ ಹತ್ತಿರ ಮಾತ್ರ ಹೋಗಬೇಡಿ, ಗ್ಯಾರಂಟಿ ಕೊಡುವ ಅಧಿಕಾರ ಅವರಿಗಿಲ್ಲ. ಅನುಭವದ ಪತ್ರವನ್ನು ‘ಸ್ವಲ್ಪ ಸರಿ ಮಾಡೋಣ’ ಅಂದರೆ ಎದ್ದು ಬನ್ನಿ. ಸುಳ್ಳು ಸಿಕ್ಕಿಬಿದ್ದರೆ ಕೆನಡಾದಲ್ಲಿ 5 ವರ್ಷ ಬಾಗಿಲು ಮುಚ್ಚುತ್ತದೆ, ಬ್ರಿಟನ್ನಿನಲ್ಲಿ 10 ವರ್ಷದವರೆಗೆ. ಅಮೆರಿಕದಲ್ಲಿ ವಿಶೇಷ ವಿನಾಯಿತಿ ಸಿಗದಿದ್ದರೆ ಜೀವನಪೂರ್ತಿ. ಸಹಿ ನಿಮ್ಮದು, ಏಜೆಂಟರದಲ್ಲ.

ಹೋಗಿ ಇಳಿದ ಮೇಲೆ ಶುರುವಾಗುವುದು ವಿಳಾಸದ ಆಟ. ಜಪಾನಿನಲ್ಲಿ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ವಾಸದ ಕಾರ್ಡನ್ನು ಅಲ್ಲೇ ಕೈಗೆ ಕೊಡುತ್ತಾರೆ. ಮನೆ ಹಿಡಿದ 14 ದಿನದೊಳಗೆ ಅದರ ಹಿಂಬದಿಯಲ್ಲಿ ವಿಳಾಸ ಬರೆಸಬೇಕು. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ತಿಂಗಳಿಗಿಂತ ಜಾಸ್ತಿ ಇರುವವರು 5 ದಿನದಲ್ಲಿ ನೋಂದಾಯಿಸಬೇಕು. ಜರ್ಮನಿಯಲ್ಲಿ ಮನೆಗೆ ಹೋದ ಎರಡು ವಾರದೊಳಗೆ. ಅದಕ್ಕೆ ಮನೆ ಮಾಲೀಕರ ಪತ್ರ ಬೇಕು. ಮಾಲೀಕರು ಕೇಳುತ್ತಾರೆ, ಸಂಬಳದ ಚೀಟಿ ಎಲ್ಲಿ? ಸಂಬಳ ಬರಲು ಬ್ಯಾಂಕ್ ಖಾತೆ ಬೇಕು. ಖಾತೆಗೆ ನೋಂದಾಯಿಸಿದ ವಿಳಾಸ ಕೇಳುತ್ತಾರೆ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಅನ್ನುವ ಗಾದೆ ಇಂಥ ಕಡೆಗೇ ಹುಟ್ಟಿರಬೇಕು! ಇದನ್ನು ಬಿಡಿಸುವ ಉಪಾಯ ಒಂದೇ. ಮೊದಲ ಎರಡು ಮೂರು ತಿಂಗಳಿಗೆ ನೋಂದಣಿಗೆ ಒಪ್ಪುವ ತಾತ್ಕಾಲಿಕ ಮನೆ ಹಿಡಿಯಿರಿ, ಬಾಡಿಗೆ ಜಾಸ್ತಿಯಾದರೂ. ಬುಕ್ ಮಾಡುವ ಮುಂಚೆಯೇ ‘ಈ ವಿಳಾಸಕ್ಕೆ ನೋಂದಾಯಿಸಬಹುದಾ?’ ಅಂತ ಬರವಣಿಗೆಯಲ್ಲಿ ಕೇಳಿ. ನಾನು ಬಾಯಿಮಾತಿಗೆ ನಂಬಿ, ಹೋದ ಮೇಲೆ ‘ಆಗಲ್ಲ’ ಅನ್ನಿಸಿಕೊಂಡು, ಐದು ವಾರ ಕಾಗದದ ಮೇಲೆ ಎಲ್ಲೂ ಇಲ್ಲದವಳಾಗಿದ್ದೆ. ಅಪ್ಪಟ ಪರದೇಶಿ.

ಇನ್ನೊಂದು ಎಣಿಕೆ ಇದೆ, ದೂರ ಇದ್ದ ದಿನಗಳದು. ಊರಿನಲ್ಲಿ ತಂದೆತಾಯಿಗೆ ಹುಷಾರಿಲ್ಲದಾಗ ಬಂದು ನಿಂತುಬಿಡುತ್ತೇವೆ, ಆಗ ಯಾರಿಗೆ ತಾರೀಕು ನೆನಪಿರುತ್ತದೆ? ಆದರೆ ಜರ್ಮನಿಯ ಸಾಮಾನ್ಯ ವಾಸದ ಪರವಾನಗಿ, ಮೊದಲೇ ಕೇಳಿಕೊಳ್ಳದೆ 6 ತಿಂಗಳು ಹೊರಗಿದ್ದರೆ ತಾನಾಗಿಯೇ ರದ್ದಾಗುತ್ತದೆ. ಬ್ರಿಟನ್ನಿನ ಖಾಯಂ ವಾಸಕ್ಕೆ ಅರ್ಜಿ ಹಾಕಬೇಕಾದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಹೊರಗಿರಬಾರದು. ಕೆನಡಾದ ಖಾಯಂ ವಾಸಿಗಳು 5 ವರ್ಷದಲ್ಲಿ 730 ದಿನ ಅಲ್ಲಿರಬೇಕು. ಇಷ್ಟು ಸಾಲದು ಅಂತ ತೆರಿಗೆಯವರದು ಬೇರೆಯೇ ಎಣಿಕೆ, ಬಹಳ ದೇಶಗಳಲ್ಲಿ 183 ದಿನ. ಅಮೆರಿಕ, ಎರಿಟ್ರಿಯದಂಥ ಕೆಲವೇ ದೇಶಗಳು ತಮ್ಮ ಪ್ರಜೆಗಳು ಜಗತ್ತಿನ ಎಲ್ಲೇ ಇರಲಿ ತೆರಿಗೆ ಕೇಳುತ್ತವೆ. ನಾನು ಒಂದು ಸಣ್ಣ ನೋಟುಬುಕ್ಕಿನಲ್ಲಿ ಗಡಿ ದಾಟಿದ ಪ್ರತಿ ದಿನವನ್ನೂ ಬರೆದಿಡುತ್ತೇನೆ. ಬೋರ್ಡಿಂಗ್ ಪಾಸುಗಳನ್ನೂ ಎಸೆಯುವುದಿಲ್ಲ. ಮನೆಯವರು ನಗುತ್ತಾರೆ, ನಗಲಿ.

ಕೊನೆಗೆ ಹಿಂದಿನ ಸಾಲಿನ ಹುಡುಗ ಕೇಳಿದ ಪ್ರಶ್ನೆ. ‘ಮೇಡಂ, ನಾನು ಹೊರಡುವುದು ಇನ್ನೂ ಎರಡು ವರ್ಷ ಬಿಟ್ಟು. ಈಗ ಏನು ಮಾಡಲಿ?’

ಮನೆಗೆ ಹೋಗಿ ಪಾಸ್‌ಪೋರ್ಟು, ಜನನ ಪತ್ರ, ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು, ನಾಲ್ಕನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿನ್ನ ಹೆಸರಿನ ಸ್ಪೆಲ್ಲಿಂಗನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಪ್ಪ. ಹುಟ್ಟಿದ ತಾರೀಕು, ಅಪ್ಪ ಅಮ್ಮನ ಹೆಸರು ಕೂಡ. ಪಾಸ್‌ಪೋರ್ಟು ಯಾವಾಗ ಮುಗಿಯುತ್ತದೆ ನೋಡು. ನನ್ನ ಜನನ ಪತ್ರದಲ್ಲಿ ಒಂದು ‘ಎಚ್’ ಜಾಸ್ತಿ ಇತ್ತು. ಅದನ್ನು ತೆಗೆಸಲು ನನಗೆ ಏಳು ತಿಂಗಳು ಹಿಡಿಯಿತು.